ಹುತ್ರಿದುರ್ಗದ ದರ್ಶನವೂ ರಕ್ಷಣೆಯೂ

ದುರ್ಗವೆಂದರೆ ಕಷ್ಟದಿಂದ ಹೊಗಬೇಕಾದ ಸ್ಥಳವೆಂದರ್ಥ. ಮನುವು ಆರು ಬಗೆಯ ದುರ್ಗಗಳನ್ನೆಣಿಸಿ ಗಿರಿದುರ್ಗವೇ ಶ್ರೇಷ್ಠವೆಂದನು. ಶಾಂತಿಪರ್ವದ ಭೀಷ್ಮನಾದರೋ ಜನರಿಂದಾದ ನರದುರ್ಗವೇ ದಾಟಲು ಅತಿ ಕಠಿನವೆಂದನು. ಇವರಿಬ್ಬರ ಮಾತಿನ ತಾರತಮ್ಯವನ್ನು ಅರಿಯಲೆಳಸುವವರು ನಮ್ಮ ತುಮಕೂರು ಸೀಮೆಯ ಹುತ್ರಿದುರ್ಗವನ್ನು ಒಮ್ಮೆ ನೋಡಬೇಕು.

ಈ ಬೆಟ್ಟವು ಕುಣಿಗಲ್ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ, ಮಾಗಡಿಯ ದಿಕ್ಕಿಗೆ ನಿಂತಿರುವುದು. ಸಮುದ್ರಮಟ್ಟದಿಂದ ಇದರ ಎತ್ತರ ೩,೭೧೩ ಅಡಿ. ಸಾವನದುರ್ಗ, ದೇವರಾಯನದುರ್ಗ, ಹುಲಿಯೂರುದುರ್ಗಗಳೊಡನೆ ಇದನ್ನೂ ನವದುರ್ಗಗಳಲ್ಲಿ ಎಣಿಸುವರು. ಗುಬ್ಬಿ, ತುಮಕೂರುಗಳವರು ಕುಣಿಗಲ್ಲಿಗೆ ಬಂದು ಮಾಗಡಿಯ ಕಡೆಗೆ ತಿರುಗಿದರೆ, ಬೆಟ್ಟದ ಬುಡದ ಸಂತೆಪೇಟೆಯನ್ನು ಸೇರಬಹುದು. ಅಲ್ಲಿಂದ ಮೇಲಕ್ಕೆ ಒಂದಾದ ಮೇಲೊಂದು ಕೋಟೆಬಾಗಿಲುಗಳು. ಕಟ್ಟಿದವರು ಹೆಬ್ಬಂಡೆಗಳನ್ನೇ ಗೋಡೆಯಾಗಿ ಬಳಸಿ, ನಡುವಣ ತೆರಪನ್ನು ಕಲ್ಲಿನಿಂದ ಮುಚ್ಚಿರುವರು. ಶಿಖರದಲ್ಲಿ ಶಂಕರೇಶ್ವರನ ಗುಡಿಯುಂಟು. ಅಲ್ಲಿಂದ ಸಾವನದುರ್ಗದ ಕಡೆಗೆ ದೃಷ್ಟಿ ಹಾಯಿಸಿದರೆ, ಈ ಸ್ಥಳವನ್ನು ಕಾವಲಿಗೆ ಏಕೆ ಆರಿಸಿದರೆಂಬುದು ತಾನಾಗಿ ತಿಳಿಯುವುದು.

೧೬೩೮ರಲ್ಲಿ ಬೆಂಗಳೂರು ಬಿಜಾಪುರದವರ ವಶವಾಗಲು, ಕೆಂಪೇಗೌಡರ ವಂಶದವರು ಮಾಗಡಿಯನ್ನು ರಾಜಧಾನಿ ಮಾಡಿಕೊಂಡರು. ಮಾಗಡಿಗೆ ಪಶ್ಚಿಮದಲ್ಲಿ ಹುತ್ರಿದುರ್ಗವೇ ಗಡಿಯ ಕಾವಲು. ೧೭೨೮ರಲ್ಲಿ ಮಾಗಡಿಯು ಮೈಸೂರಿಗೆ ಸೇರಿತು. ಗಡಿಯು ಅಳಿಯಿತು, ಕೋಟೆಯು ಉಳಿಯಿತು. ಮೂರನೆಯ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣದ ದಾರಿಯನ್ನು ನಿಷ್ಕಂಟಕ ಮಾಡಿಕೊಳ್ಳಲು ಕಾರನ್‌ವಾಲೀಸನ ಸೈನ್ಯವು ೧೭೯೧ರ ಡಿಸೆಂಬರ್ ೨೧ರಂದು ಸಾವನದುರ್ಗವನ್ನೂ ಮೂರು ದಿನಗಳ ತರುವಾಯ ಇದನ್ನೂ ಹಿಡಿಯಿತು. ಇಷ್ಟು ಬಾಗಿಲುಗಳೂ ಒಂದೇ ದಿನದಲ್ಲಿ ಸೋತವು. ಗಿರಿಯು ಎಷ್ಟು ಕಡಿದಾದರೇನು, ಒಳಗಿನ ಜನರ ಧೈರ್ಯವು ಕುಗ್ಗಿದ ಬಳಿಕ ಕಲ್ಲು ಏನು ಮಾಡೀತು?

ಈಗಿನ ಶತ್ರುಗಳಿಗೆ ಫಿರಂಗಿ ಬೇಕಿಲ್ಲ. ಗಾರೆಯಿಲ್ಲದ ಕಲ್ಗೋಡೆಯು ಕಲ್ಲುಗಳ ಭಾರದಿಂದಲೇ ನಿಲ್ಲುವಂಥಾದ್ದು. ಬುಡದಿಂದ ಒಂದನ್ನು ಕಿತ್ತರೆ ಮೇಲಿನ ಸಾಲು ಜಾರುವುದು. ಅರಳಿಯ ಸಸಿಯು ಬೆರಳ ಗಾತ್ರದಲ್ಲಿರುವಾಗ ತೆಗೆಯದಿದ್ದರೆ, ಮರವಾದ ಮೇಲೆ ಅದನ್ನು ಕೀಳುವುದೂ ಅಪಾಯ, ಬಿಡುವುದೂ ಅಪಾಯ. ನಿಧಿಯಾಸೆಗೆ ಗುಡಿಯ ನೆಲವನ್ನು ಅಗೆಯುವವರೂ, ಬಂಡೆಯ ಮೇಲೆ ಹೆಸರು ಕೆತ್ತುವವರೂ ಉಂಟು. ಭಕ್ತಿಯಿಂದ ಹಳೆಯ ಗಾರೆಗೆ ಸಿಮೆಂಟು ಮೆತ್ತುವವರೂ ಕೇಡನ್ನೇ ಮಾಡುವರು. ಸಿಮೆಂಟು ತೇವವನ್ನು ಒಳಗೇ ತಡೆದು ಸುಣ್ಣದ ಗಾರೆಯನ್ನು ಸಡಿಲಿಸುವುದು. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಮಹಾಶಯರು ೧೯೦೪ರಲ್ಲಿಯೇ ಅಚ್ಚುಹಾಕಿಸಿ ಉಳಿಸಿದರು. ಆದರೆ ಗೋಡೆಗೆ ಪ್ರತಿಯಿಲ್ಲ. ಕೆಡಹಿದರೆ ಅದು ಹೋದಂತೆಯೇ.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಒಣಹವೆಯಲ್ಲಿ, ಬೆಳಗಿನ ಹೊತ್ತು, ಮಕ್ಕಳೊಡನೆ ಹೋಗಿರಿ. ನೀರನ್ನು ಕೊಂಡೊಯ್ಯಿರಿ, ಉಳಿದುದನ್ನೆಲ್ಲ ಮರಳಿ ತನ್ನಿರಿ. ಮಕ್ಕಳಿಗೆ ಪ್ರತಿಯೊಂದು ಬಾಗಿಲನ್ನೂ ಎಣಿಸಲು ಹೇಳಿ, ಅದರ ಚಿತ್ರವನ್ನು ತೆಗೆಸಿ, ತೇದಿಯನ್ನು ಬರೆಯಿಸಿರಿ. ಮುಂದಿನ ವರ್ಷ ಹೋಲಿಸಿ ನೋಡಿ, ಕಲ್ಲು ಸರಿದಿದ್ದರೆ ರಾಜ್ಯದ ಪುರಾತತ್ತ್ವ ಇಲಾಖೆಗೆ ಬರೆಯಿರಿ. ಕೈಯಾರೆ ದುರಸ್ತಿಗೆ ತೊಡಗಬೇಡಿರಿ. ಪರಂಪರೆಯನ್ನು ಕಾಯುವುದು ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನವೂ ೧೯೭೬ರಿಂದ ವಿಧಿಸಿರುವುದು.

ಗಿರಿದುರ್ಗವು ಒಂದು ಕಾಲಕ್ಕೆ ಜನರನ್ನು ಕಾಯಿತು. ಈಗ ಅದಕ್ಕೆ ಬೇಕಾದುದು ನರದುರ್ಗ.