ಕೋಟಿನ ಬಟ್ಟೆ ಮತ್ತು ಸುಂಕದ ನ್ಯಾಯ

ಗಂಡಸರ ನಾಲ್ಕು ಕೋಟುಗಳು ಅಮೆರಿಕದ ಬಂದರಿಗೆ ಬಂದಿವೆ ಎಂದುಕೊಳ್ಳೋಣ. ಅಳತೆ, ಹೊಲಿಗೆ, ಗುಂಡಿ ಎಲ್ಲವೂ ಒಂದೇ. ಬಟ್ಟೆ ಮಾತ್ರ ಬೇರೆ. ಅಲ್ಲಿನ ಸಾಮಾನ್ಯ ದರಪಟ್ಟಿಯ ಪ್ರಕಾರ ಹತ್ತಿಯ ಕೋಟಿಗೆ ಅದರ ಮೌಲ್ಯದ ಶೇ 9.4, ಉಣ್ಣೆಯದಕ್ಕೆ ಶೇ 17.5, ಪಾಲಿಯೆಸ್ಟರಿನದಕ್ಕೆ ಶೇ 27.3 ಸುಂಕ. ತೂಕದಲ್ಲಿ ಶೇ 70ಕ್ಕಿಂತ ಕಡಿಮೆಯಿಲ್ಲದಷ್ಟು ರೇಷ್ಮೆ ಇರುವ ಕೋಟಿಗೆ ಬರೀ ಶೇ 1. ಆಗಾಗ ಇವುಗಳ ಮೇಲೆ ಹೇರುವ ಹೆಚ್ಚುವರಿ ಸುಂಕ ಬೇರೆ. ಈ ಅಂಕಿಗಳನ್ನು ನೋಡಿದವರಿಗೆ ಬಟ್ಟೆ ನೋಡಿ ಸುಂಕ ಹಾಕುವ ಪದ್ಧತಿಯೇ ತಪ್ಪು ಎನಿಸಬಹುದು. ಆದರೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ: ಸರಕನ್ನು ವರ್ಗಕ್ಕೆ ಸೇರಿಸುವುದು ಒಂದು, ಆ ವರ್ಗಕ್ಕೆ ದರ ಕಟ್ಟುವುದು ಇನ್ನೊಂದು. ಮೊದಲನೆಯದು ವಿವೇಕದ ಕೆಲಸ, ಅನ್ಯಾಯವಿರುವುದು ಎರಡನೆಯದರಲ್ಲಿ.

ವರ್ಗೀಕರಣ ನಡೆಯುವುದು 1988ರಲ್ಲಿ ಜಾರಿಗೆ ಬಂದ, ಎಚ್‌ಎಸ್ ಎಂದು ಹೆಸರಾದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ. ಅದು ಪ್ರತಿ ಸರಕಿಗೂ ಕೊಡುವ ಸಂಖ್ಯೆಯ ಮೊದಲ ಆರು ಅಂಕಿಗಳು ಭಾರತಕ್ಕೂ ಅಮೆರಿಕಕ್ಕೂ ಒಂದೇ. ಅಲ್ಲಿಂದ ಮುಂದಿನ ಅಂಕಿಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳುತ್ತದೆ. ಕೋಟಿಗೆ ಕೇಳುವ ಮೊದಲ ಪ್ರಶ್ನೆ, ಬಟ್ಟೆ ಹೆಣೆದದ್ದೋ ನೇಯ್ದದ್ದೋ ಎಂಬುದು. ಟೀ ಶರ್ಟಿನ ಬಟ್ಟೆಯಂತೆ ಹೆಣೆದದ್ದಾದರೆ 61ನೇ ಅಧ್ಯಾಯ, ನೇಯ್ದದ್ದಾದರೆ 62ನೆಯದು. ಚರ್ಮದ ಜಾಕೆಟ್ ಇವೆರಡಕ್ಕೂ ಸೇರದೆ 4203ಕ್ಕೆ ಹೋಗುತ್ತದೆ. ನೇಯ್ದ ಬಟ್ಟೆಯಲ್ಲಿ ಸೂಟಿನ ಮಾದರಿಯ ಕೋಟು 6203ಕ್ಕೂ, ಗಾಳಿ ಚಳಿ ತಡೆಯಲು ಮೇಲೆ ಹಾಕಿಕೊಳ್ಳುವ ಜಾಕೆಟ್ 6201ಕ್ಕೂ ಸೇರುತ್ತವೆ. ಆಮೇಲೆ ನಾರಿನ ಸರದಿ: 6203.31 ಉಣ್ಣೆ, .32 ಹತ್ತಿ, .33 ಸಿಂಥೆಟಿಕ್, .39 ಉಳಿದವು. ಮಿಶ್ರಣವಾದರೆ ತೂಕದಲ್ಲಿ ಯಾವ ನಾರು ಮಿಕ್ಕ ಒಂದೊಂದಕ್ಕಿಂತಲೂ ಹೆಚ್ಚೋ ಅದರ ಹೆಸರಿಗೆ ಇಡೀ ಉಡುಪು. ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯವಾಗಿ ಹೊರಮೈ ಬಟ್ಟೆಯನ್ನು, ಒಳಗಿನ ಲೈನಿಂಗನ್ನಲ್ಲ. ಮುಂಭಾಗದ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರುವಂತಿದ್ದರೆ ಅದು ಗಂಡಸರದು ಎನ್ನುವುದೂ ನಿಯಮವೇ. ಇವೆಲ್ಲ ಕಣ್ಣು, ತಕ್ಕಡಿ, ಸೂಕ್ಷ್ಮದರ್ಶಕಗಳಿಂದ ಪರೀಕ್ಷಿಸಬಹುದಾದ ಸಂಗತಿಗಳು. ಅಧಿಕಾರಿಯ ಮರ್ಜಿಗೆ ಇಲ್ಲಿ ಜಾಗ ಕಡಿಮೆ.

ಬೆಲೆ ನೋಡಿಯೇ ವರ್ಗ ಮಾಡಿದರೆ ಸಾಲದೇ, ದುಬಾರಿ ಕೋಟಿಗೆ ಹೆಚ್ಚು, ಅಗ್ಗದ್ದಕ್ಕೆ ಕಡಿಮೆ ಎಂದರೆ ಆಯಿತಲ್ಲ ಎಂದು ಕೇಳಬಹುದು. ಬೆಲೆ ಕಾಗದದ ಮೇಲಿರುವ ಸಂಗತಿ. ಮಾರುವವರೂ ಕೊಳ್ಳುವವರೂ ಒಂದೇ ಕಂಪನಿಯ ಎರಡು ಶಾಖೆಗಳಾಗಿದ್ದರೆ ಅದನ್ನು ಒರೆಗೆ ಹಚ್ಚುವುದು ಇನ್ನೂ ಕಷ್ಟ. ಸುಂಕದ ಮೊತ್ತ ಈಗಲೂ ಮೌಲ್ಯದ ಮೇಲೆಯೇ ನಿಂತಿದೆ. ವರ್ಗವೂ ಅದರ ಮೇಲೆ ನಿಂತರೆ ಒಂದು ಸುಳ್ಳು ಬಿಲ್ಲಿಗೆ ಎರಡು ಕಡೆ ಲಾಭ. ನಾರು ಹಾಗಲ್ಲ, ಅದರ ಸಾಕ್ಷಿ ಸರಕಿನಲ್ಲೇ ಇರುತ್ತದೆ.

ಹಾಗಾದರೆ ದರಗಳ ಈ ಏರುಪೇರು ಎಲ್ಲಿಂದ ಬಂತು? ಶ್ರೀಮಂತ ದೇಶಗಳು ತಮ್ಮ ಗಿರಣಿಗಳ ರಕ್ಷಣೆಗೆ 1962ರಲ್ಲಿ ಹತ್ತಿ ಬಟ್ಟೆಗೂ, 1974ರಿಂದ ಉಣ್ಣೆ ಮತ್ತು ಮಾನವನಿರ್ಮಿತ ನಾರುಗಳಿಗೂ ಅಂತರರಾಷ್ಟ್ರೀಯ ಒಪ್ಪಂದಗಳ ಅಡಿಯಲ್ಲಿ ಕೋಟಾ ವಿಧಿಸಿದವು. ಅಮೆರಿಕದಲ್ಲಿ ಹತ್ತಿಯ ಕೋಟಿಗೆ 333, ಉಣ್ಣೆಯದಕ್ಕೆ 433, ಮಾನವನಿರ್ಮಿತ ನಾರಿನದಕ್ಕೆ 633 ಎಂಬ ಕೋಟಾ ಸಂಖ್ಯೆಗಳಿದ್ದವು. 2005ರ ಜನವರಿ 1ಕ್ಕೆ ಆ ಕೋಟಾಗಳು ಹೋದವು, ನಾರಿಗೊಂದರಂತೆ ಎದ್ದ ಸುಂಕದ ಗೋಡೆಗಳು ಉಳಿದವು. ಒಂದು ಕಾಲಕ್ಕೆ ರೇಷ್ಮೆ ನಗರಿ ಎನಿಸಿದ್ದ ನ್ಯೂಜೆರ್ಸಿಯ ಪ್ಯಾಟರ್‌ಸನ್‌ನ ಗಿರಣಿಗಳು ಎಂದೋ ಮುಚ್ಚಿದ್ದವು. ರೇಷ್ಮೆಯಲ್ಲಿ ಕಾಯಬೇಕಾದವರು ಅಷ್ಟಾಗಿ ಉಳಿದಿರಲಿಲ್ಲ. ಪರಿಣಾಮವಾಗಿ ರೇಷ್ಮೆ ಕೋಟು ತೊಡಬಲ್ಲವನು ಹೆಚ್ಚುಕಡಿಮೆ ಸುಂಕವಿಲ್ಲದೆ ಪಾರಾಗುತ್ತಾನೆ. ಕೆಲಸದ ಸಂದರ್ಶನಕ್ಕೆಂದು ಅಗ್ಗದ ಪಾಲಿಯೆಸ್ಟರ್ ಕೋಟು ಕೊಳ್ಳುವವನ ಮೇಲೆ ಕಾಲು ಭಾಗಕ್ಕೂ ಮಿಕ್ಕ ದರದ ಹೊರೆ ಬೀಳುತ್ತದೆ.

ಈ ಅಂತರ ಉಡುಪಿನ ವಿನ್ಯಾಸವನ್ನೇ ಬದಲಿಸುತ್ತದೆ. ಸಿಂಥೆಟಿಕ್ ಕೋಟಿನಲ್ಲಿ ಶೇ 36ರಷ್ಟು ಉಣ್ಣೆ ಸೇರಿದರೆ ದರ ಶೇ 22ಕ್ಕೆ ಇಳಿಯುತ್ತದೆ. 6201ರ ಸಿಂಥೆಟಿಕ್ ಜಾಕೆಟ್‌ಗಳಲ್ಲಂತೂ ಸಾಮಾನ್ಯವಾದದ್ದಕ್ಕೆ ಶೇ 27.7, ನೀರು ತಡೆಯುವುದಕ್ಕೆ ಶೇ 7.1. ಅದಕ್ಕೆ ಪರೀಕ್ಷೆಯೂ ಉಂಟು: 600 ಮಿಲಿಮೀಟರ್ ಎತ್ತರದ ನೀರಿನ ಒತ್ತಡದಲ್ಲಿ ಎರಡು ನಿಮಿಷಕ್ಕೆ ಒಂದು ಗ್ರಾಮಿಗಿಂತ ಹೆಚ್ಚು ನೀರು ಒಳಸೇರಬಾರದು, ಆ ಗುಣ ರಬ್ಬರ್ ಇಲ್ಲವೇ ಪ್ಲಾಸ್ಟಿಕ್ ಲೇಪನದಿಂದ ಬಂದಿರಬೇಕು. ಹೀಗೆ ದರ ನೋಡಿ ಬಟ್ಟೆ ಆರಿಸುವುದು ವಂಚನೆಯಲ್ಲವೇ? ಅಲ್ಲ. ಸಕ್ಕರೆಯ ಬಣ್ಣವನ್ನು ಕುರಿತ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1880ರ ದಶಕದಲ್ಲೇ ಹೇಳಿದೆ: ಮೋಸವಿಲ್ಲದಿದ್ದರೆ, ಕಡಿಮೆ ಸುಂಕಕ್ಕೆ ಒಪ್ಪುವಂತೆ ಸರಕನ್ನು ತಯಾರಿಸುವುದು ತಯಾರಕನ ಹಕ್ಕು. ತಪ್ಪು ತಯಾರಕನದಲ್ಲ, ತೊಡುವವನ ಅನುಕೂಲಕ್ಕಿಂತ ದರಪಟ್ಟಿಯನ್ನೇ ಮುಂದೆ ಮಾಡಿದ ಕಾನೂನಿನದು. ಅಮೆರಿಕಕ್ಕೆ ಹೊಲಿಯುವ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೂ ಇದು ದೂರದ ವಿಷಯವಲ್ಲ. ನೂಲಿನ ಮಿಶ್ರಣದಲ್ಲಿ ಒಂದೆರಡು ಶೇಕಡಾ ಹೆಚ್ಚುಕಡಿಮೆಯಾದರೂ ಇಡೀ ಆರ್ಡರಿನ ಸುಂಕ ಬದಲಾಗಬಹುದು.

ಪಾಲಿಯೆಸ್ಟರ್ ಪರಿಸರಕ್ಕೆ ಹಾನಿ, ಹೆಚ್ಚು ಸುಂಕ ಸರಿಯೇ ಎನ್ನುವವರಿದ್ದಾರೆ. ಆದರೆ ಪ್ಲಾಸ್ಟಿಕ್ ಲೇಪನಕ್ಕೆ ರಿಯಾಯಿತಿ ಕೊಡುವ ಪಟ್ಟಿಗೆ ಆ ಕಾಳಜಿಯನ್ನು ಆರೋಪಿಸಲಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಅಮೆರಿಕದ ನೂಲು ಬಳಸುವ ನೆರೆದೇಶಗಳಿಗೆ ಒಪ್ಪಂದದ ಮೂಲಕ ಸುಂಕ ಮಾಫಿಯಿದೆ, ದರ ಇಳಿದರೆ ಆ ಅನುಕೂಲ ಕರಗಿ ನೂಲಿನ ಗಿರಣಿಗಳ ಕಾರ್ಮಿಕರಿಗೆ ಪೆಟ್ಟು ಬೀಳುತ್ತದೆ. ಈ ಚಿಂತೆ ನಿಜವಾದದ್ದು. ಆದರೆ ಆ ಕಾರ್ಮಿಕರನ್ನು ಕಾಯುವ ಖರ್ಚು ಬಜೆಟ್ಟಿನಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ, ಎಲ್ಲರ ತೆರಿಗೆಯಿಂದ ಬರಬೇಕು. ಅಗ್ಗದ ಕೋಟು ಕೊಳ್ಳುವವರೊಬ್ಬರೇ ಅದನ್ನು ಅರಿವಿಲ್ಲದೆ ತೆರುವುದು ನ್ಯಾಯವಲ್ಲ. ನಾರಿನ ವರ್ಗೀಕರಣ ಹಾಗೇ ಇರಲಿ. ಅಂಕಿಅಂಶಕ್ಕೆ, ಲೇಬಲಿನ ಸತ್ಯಕ್ಕೆ, ವ್ಯಾಪಾರದ ನಂಬಿಕೆಗೆ ಅದು ಬೇಕು. ಆ ನಾಲ್ಕು ಕೋಟುಗಳ ದರ ಮಾತ್ರ ಒಂದೇ ಮಟ್ಟಕ್ಕೆ ಬರಲಿ.