ಬ್ಯಾಟರಿಗಿಂತ ಮೊದಲು ನೋಡಬೇಕಾದುದು: ಚಾರ್ಜರ್, ಭೂಸಂಪರ್ಕ ಮತ್ತು ಬದಲಿ ಸ್ವಿಚ್ಚು

ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿಯೂ ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿಯೂ ಇನ್ವರ್ಟರ್ ಈಗ ಐಷಾರಾಮದ ವಸ್ತುವಾಗಿ ಉಳಿದಿಲ್ಲ. ಬಿಲ್ಲಿಂಗ್ ಕಂಪ್ಯೂಟರ್, ವಿದ್ಯುನ್ಮಾನ ತಕ್ಕಡಿ, ಕೈಮಗ್ಗದ ಮೇಲಿನ ದೀಪ, ಕಂಡಿಕೆ ಸುತ್ತುವ ಸಣ್ಣ ಮೋಟಾರು ಇವೆಲ್ಲವೂ ವಿದ್ಯುತ್ತಿನ ಹಂಗಿನಲ್ಲಿವೆ. ಆದರೆ ಇನ್ವರ್ಟರ್ ಕೊಳ್ಳುವಾಗ ನಮ್ಮ ವ್ಯಾಪಾರಸ್ಥರು ವಿಚಾರಿಸುವುದು ಬ್ಯಾಟರಿಯ ಗಾತ್ರ ಮತ್ತು ಗ್ಯಾರಂಟಿಯನ್ನು ಮಾತ್ರ. ಹಣ ಪೋಲಾಗುವುದೂ ಅಪಾಯ ಒದಗುವುದೂ ಬೇರೆಡೆಯಲ್ಲಿ.

150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯೊಂದನ್ನು ತೆಗೆದುಕೊಳ್ಳೋಣ. ಲೆಕ್ಕದಲ್ಲಿ ಅದು 1.8 ಯೂನಿಟ್ ವಿದ್ಯುತ್ತನ್ನು ಹಿಡಿದಿಡುತ್ತದೆ. ಪೂರ್ತಿ ಬರಿದು ಮಾಡಬಾರದಾದ್ದರಿಂದಲೂ ಇನ್ವರ್ಟರಿನಲ್ಲಿ ಆಗುವ ನಷ್ಟದಿಂದಲೂ ಕೈಗೆ ಸಿಗುವುದು ಸುಮಾರು 1.2 ಯೂನಿಟ್, ಅಂದರೆ 200 ವಾಟ್ ಹೊರೆಗೆ ಆರು ಗಂಟೆ. ಅದನ್ನು ಮರಳಿ ತುಂಬಲು 15 ಆಂಪಿಯರ್ ಚಾರ್ಜರಿಗೆ ಹತ್ತು ಗಂಟೆಗೂ ಹೆಚ್ಚು ಕಾಲ ಬೇಕು. ಚಾರ್ಜರ್ 7 ಆಂಪಿಯರಿನದಾದರೆ ಒಂದು ಹಗಲು, ಒಂದು ರಾತ್ರಿ ಸಾಲದು. ಹೀಗೆ ದೊಡ್ಡ ಬ್ಯಾಟರಿಗೆ ಚಿಕ್ಕ ಚಾರ್ಜರ್ ಜೋಡಿಸಿದಾಗ ಬ್ಯಾಟರಿಯು ಸದಾ ಅರೆಹೊಟ್ಟೆಯಲ್ಲಿರುತ್ತದೆ. ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ದೂರು ಹೋಗುವುದು ಬ್ಯಾಟರಿ ಕಂಪನಿಯ ಮೇಲೆ! ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೇ ಒಂದು ಭಾಗದಷ್ಟಾದರೂ ಆಂಪಿಯರನ್ನು ಚಾರ್ಜರ್ ಕೊಡುವುದೇ ಎಂದು ಕೊಳ್ಳುವ ಮುನ್ನವೇ ಕೇಳುವುದು ಅವಶ್ಯ.

ನಮ್ಮ ಭಾಗದ ಬೇಸಿಗೆಯನ್ನೂ ಮರೆಯಲಾಗದು. 25 ಡಿಗ್ರಿ ಸೆಲ್ಸಿಯಸ್‌ಗಿಂತ ಸುಮಾರು ಹತ್ತು ಡಿಗ್ರಿ ಹೆಚ್ಚಿನ ಶಾಖದಲ್ಲಿ ಸತತವಾಗಿ ದುಡಿಯುವ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ತಗಡಿನ ಚಾವಣಿಯ ಕೆಳಗೆ ಬ್ಯಾಟರಿ ಇಡುವವರು ಇದನ್ನು ಗಮನಿಸಬೇಕು. ಚಾರ್ಜ್ ಆಗುವಾಗ ಹೊರಬರುವ ಜಲಜನಕವು ಗಾಳಿಯಲ್ಲಿ ಶೇ. 4ರಷ್ಟಾದರೆ ಕಿಡಿಗೆ ಹೊತ್ತಿಕೊಳ್ಳುವುದರಿಂದ ಗಾಳಿಯಾಡುವ ಜಾಗವೇ ಬೇಕು. ಕೊಳವೆಬಾವಿಯ ನೀರನ್ನಂತೂ ಎಂದಿಗೂ ತುಂಬಬಾರದು. ಅದರ ಲವಣಾಂಶ ಫಲಕಗಳಿಗೆ ಶತ್ರು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕತಕ್ಕದ್ದು.

ಭೂಸಂಪರ್ಕದ ವಿಷಯದಲ್ಲಿ ಮಳೆ ಕಡಿಮೆಯಿರುವ ನಮ್ಮ ಎರಡೂ ತಾಲ್ಲೂಕುಗಳಿಗೆ ಪ್ರತ್ಯೇಕ ತೊಡಕಿದೆ. ಇದ್ದಿಲು, ಉಪ್ಪು ತುಂಬಿದ ಅರ್ತಿಂಗ್ ಗುಂಡಿಯು ಬೇಸಿಗೆಯಲ್ಲಿ ಒಣಗಿ ಅದರ ರೋಧ ಏರುತ್ತದೆ. ರೋಧವು 20 ಓಮ್ ಆಗಿದೆಯೆನ್ನಿ. ಯಂತ್ರದ ಲೋಹದ ಕವಚಕ್ಕೆ 230 ವೋಲ್ಟ್ ಸೋರಿದಾಗ ನೆಲಕ್ಕೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಇದಕ್ಕೆ ಕದಲುವುದಿಲ್ಲ. ಕವಚದಲ್ಲಿ ವಿದ್ಯುತ್ತು ಹಾಗೆಯೇ ನಿಂತಿರುತ್ತದೆ, ಮುಟ್ಟಿದವನ ಗತಿ ಹೇಳಬೇಕಾಗಿಲ್ಲ. ಆದುದರಿಂದ ಗುಂಡಿಗೆ ಆಗಾಗ್ಗೆ ನೀರೆರೆಯುವುದರ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನು ಇನ್ವರ್ಟರಿನಿಂದ ಹೊರಹೋಗುವ ತಂತಿಗೂ ಅಳವಡಿಸಬೇಕು. ಅದು ಪದೇ ಪದೇ ಬೀಳುತ್ತದೆಂದು ತೆಗೆದೆಸೆಯುವವರಿದ್ದಾರೆ. ಇನ್ವರ್ಟರಿನ ನ್ಯೂಟ್ರಲ್ ತಂತಿಯನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲಿಗೆ ಸೇರಿಸಿರುವುದೇ ಬಹುಮಟ್ಟಿಗೆ ಇದರ ಕಾರಣ. ಪರವಾನಗಿ ಪಡೆದ ಗುತ್ತಿಗೆದಾರರಿಂದ ಅದನ್ನು ಸರಿಪಡಿಸಿಕೊಳ್ಳಬಹುದು.

ಎಕ್ಸ್‌ಪೆಲ್ಲರಿನ ಮೋಟಾರು ಇನ್ವರ್ಟರಿಗೆ ಬಗ್ಗುವುದಲ್ಲ. ನೇರವಾಗಿ ಚಾಲೂ ಮಾಡಿದರೆ ಅದು ಆರಂಭದಲ್ಲಿ ಎಳೆಯುವ ವಿದ್ಯುತ್ತು ಸಾಮಾನ್ಯ ಪ್ರಮಾಣದ ಆರು ಪಟ್ಟಿನವರೆಗೂ ಹೋಗುತ್ತದೆ. ಅಲ್ಲಿ ಜನರೇಟರ್ ಅನಿವಾರ್ಯ. ಜನರೇಟರ್ ಬಂದ ಕಡೆ ಬದಲಿ ಸ್ವಿಚ್ಚು, ಅಂದರೆ ಚೇಂಜ್‌ಓವರ್, ಇರಲೇಬೇಕು. ಹಡಗುಕಟ್ಟೆಗೆ ಬಂದ ದೋಣಿಯು ದಡದಿಂದ ವಿದ್ಯುತ್ ಪಡೆಯುವಾಗಲೂ ನಿಯಮ ಇದೇ: ದಡದ ವಿದ್ಯುತ್ತೂ ದೋಣಿಯ ಸ್ವಂತ ವಿದ್ಯುತ್ತೂ ಒಂದೇ ಕ್ಷಣದಲ್ಲಿ ಒಂದೇ ತಂತಿಯಲ್ಲಿ ಸೇರಬಾರದು. ಸಣ್ಣ ಜನರೇಟರಿನಿಂದ ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಪದ್ಧತಿ ಅತ್ಯಂತ ಅಪಾಯಕಾರಿ. ಮೇನ್ ಸ್ವಿಚ್ಚು ಇಳಿಸಲು ಮರೆತರೆ ಆ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ ಹರಿದು 11,000 ವೋಲ್ಟಿನ ಆಸುಪಾಸಿಗೆ ಏರಬಲ್ಲದು. ಲೈನು ಸತ್ತಿದೆಯೆಂದು ನಂಬಿ ಕಂಬವೇರಿದ ಬೆಸ್ಕಾಂ ಲೈನ್‌ಮನ್‌ನ ಪ್ರಾಣ ಆಗ ಅಂಗಡಿಯವನ ಕೈಯಲ್ಲಿರುತ್ತದೆ. ಒಂಟಿ ಫೇಸಿಗೆ ಎರಡು ಪೋಲ್, ಮೂರು ಫೇಸಿಗೆ ನಾಲ್ಕು ಪೋಲಿನ ಸ್ವಿಚ್ಚು ಹಾಕಿದರೆ ನ್ಯೂಟ್ರಲ್ ಕೂಡ ಬೇರ್ಪಡುತ್ತದೆ. ಇಡೀ ವ್ಯವಸ್ಥೆಯಲ್ಲಿ ಕಡಿಮೆ ಬೆಲೆಯ ವಸ್ತುಗಳಲ್ಲಿ ಇದೂ ಒಂದು.

ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಕೇಬಲ್ ದಪ್ಪವಾಗಿಯೂ ಗಿಡ್ಡವಾಗಿಯೂ ಇರಲಿ. 600 ವಾಟ್ ಹೊರೆಗೆ 12 ವೋಲ್ಟಿನಲ್ಲಿ 50 ಆಂಪಿಯರಿಗೂ ಹೆಚ್ಚು ಹರಿಯುತ್ತದೆ. ಧನ ಧ್ರುವದ ಪಕ್ಕದಲ್ಲಿಯೇ ಫ್ಯೂಸ್ ಇರತಕ್ಕದ್ದು.

ಹಳೆಯ ಬ್ಯಾಟರಿಯನ್ನು ಗುಜರಿಯವರಿಗೆ ಮಾರುವ ರೂಢಿಯಿದೆ. 2001ರ ನಿಯಮಗಳ ಸ್ಥಾನದಲ್ಲಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಡೀಲರಿಗೇ ಒಪ್ಪಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು ತೋರಿಸುವಂತೆ ಕೇಳಿ ಪಡೆಯುವುದು ಲೇಸು.