ಒಂದೇ ಮರದ ಎರಡು ಹಕ್ಕಿಗಳು

ಮರದ ಕೆಳಗಿನ ಕೊಂಬೆಯಲ್ಲಿ ಕುಳಿತ ಹಕ್ಕಿ ಸಿಹಿಹಣ್ಣು ತಿಂದು ಹಿಗ್ಗುತ್ತದೆ. ಕಹಿಹಣ್ಣು ಸಿಕ್ಕಾಗ ತಲೆಯೆತ್ತಿ ಮೇಲಿನ ಶಾಂತವಾದ ಹಕ್ಕಿಯನ್ನು ನೋಡುತ್ತದೆ. ಕಡೆಗೆ, ತಾನೇ ಆ ಮೇಲಿನ ಹಕ್ಕಿಯೆಂದು ಅರಿಯುತ್ತದೆ. 1890ರ ದಶಕದಲ್ಲಿ ಸ್ವಾಮಿ ವಿವೇಕಾನಂದರು ಪಾಶ್ಚಾತ್ಯ ಶ್ರೋತೃಗಳಿಗೆ ಹೇಳಿದ ಈ ಕಥೆ ಮನೆಮನೆಗೂ ಪರಿಚಿತ.

ಆದರೆ ಮೂಲಮಂತ್ರದಲ್ಲಿ ಮೇಲು ಕೆಳಗಿನ ಕೊಂಬೆಗಳಿಲ್ಲ, ಕಹಿಹಣ್ಣೂ ಇಲ್ಲ. ಒಗಟುಗಳ ಗಣಿಯಂತಿರುವ ಋಗ್ವೇದದ ಮೊದಲ ಮಂಡಲದ 164ನೆಯ ಸೂಕ್ತದಲ್ಲಿ ಅದು ಬರುತ್ತದೆ. ಮುಂಡಕ, ಶ್ವೇತಾಶ್ವತರ ಉಪನಿಷತ್ತುಗಳೂ ಅದನ್ನು ಎತ್ತಿಕೊಂಡಿವೆ. ಹಕ್ಕಿಗಳು ಗೆಳೆಯರು, ಮರ ಒಂದೇ, ಒಂದು ಸವಿಯುತ್ತದೆ, ಮತ್ತೊಂದು ತಿನ್ನದೆ ನೋಡುತ್ತದೆ. ಅವು ಯಾರೆಂದು ಆ ಮಂತ್ರ ಹೇಳದು.

ಶಂಕರರ ಮುಂಡಕಭಾಷ್ಯದಲ್ಲಿ ಮರವೆಂದರೆ ಶರೀರ. ಕಾರಣ ಸ್ವಾರಸ್ಯವಾಗಿದೆ: ಮರದಂತೆ ದೇಹವೂ ಕಡಿದುಬೀಳತಕ್ಕದ್ದು. ಹಣ್ಣು ಕರ್ಮಫಲ, ತಿನ್ನುವುದು ಜೀವ, ನೋಡುವುದು ಈಶ್ವರ. ಜೀವ, ಈಶ್ವರ ಎಂಬ ಈ ಗುರುತಿಗೆ ಉಡುಪಿಯ ಮಧ್ವಾಚಾರ್ಯರ ಪರಂಪರೆಯದೂ ಆಕ್ಷೇಪವಿಲ್ಲ. ವಿವಾದವಿರುವುದು ಎಣಿಕೆಯಲ್ಲಿ. ಶ್ರುತಿಯೇ ಎರಡೆಂದು ಎಣಿಸಿರುವಾಗ ಒಂದೆನ್ನುವುದು ಹೇಗೆ ಎಂಬುದು ದ್ವೈತಿಗಳ ಪ್ರಶ್ನೆ. ಉಪಾಧಿಯಿಂದ ಎರಡಾಗಿ ತೋರುತ್ತದೆ, ಅಷ್ಟೆ, ಎಂಬುದು ಅದ್ವೈತಿಗಳ ಉತ್ತರ. ಮುಂಡಕದಲ್ಲಿ ಎರಡು ಮಂತ್ರ ಕಳೆದ ಮೇಲೆ, ಜ್ಞಾನಿಯು ‘ಪರಮಸಾಮ್ಯ’ವನ್ನು ಹೊಂದುತ್ತಾನೆಂಬ ಮಾತು ಬರುತ್ತದೆ. ಸಾಮ್ಯವೆಂದರೆ ಹೋಲಿಕೆ, ಹೋಲಿಕೆಗೆ ಇಬ್ಬರು ಬೇಕು ಎನ್ನುತ್ತಾರೆ ಒಬ್ಬರು. ಪರಮವಾದ ಸಾಮ್ಯವೆಂದರೆ ಅದ್ವಯವೇ ಎನ್ನುತ್ತಾರೆ ಇನ್ನೊಬ್ಬರು. ಪದಗಳನ್ನಷ್ಟೇ ತೂಗಿದರೆ ದ್ವೈತಿಗಳ ತಕ್ಕಡಿ ತುಸು ತೂಗುತ್ತದೆಂದು ಒಪ್ಪಬೇಕು. ಆದರೆ ಸಂಕೇತವನ್ನು ಪದಗಳ ತೂಕದಿಂದಲೇ ಅಳೆಯಬಹುದೆ?

ಮನಸ್ಸನ್ನು ನಿಜವಾಗಿ ಕಲಕುವ ವ್ಯಾಖ್ಯಾನ ಮೂರನೆಯದು. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರೇ ಪೈಂಗಿರಹಸ್ಯ ಬ್ರಾಹ್ಮಣದ ಅರ್ಥವೊಂದನ್ನು ಮುಂದಿಡುತ್ತಾರೆ. ಅದರಂತೆ ತಿನ್ನುವ ಹಕ್ಕಿ ಜೀವವೇ ಅಲ್ಲ. ಅದು ಸತ್ತ್ವ, ಎಂದರೆ ಅಂತಃಕರಣ. ನೋಡುವ ಹಕ್ಕಿಯೇ ಕ್ಷೇತ್ರಜ್ಞ. ಹಾಗಾದರೆ ಹಣ್ಣಿಗಾಗಿ ಹಂಬಲಿಸಿದವನು, ಸಿಗದಾಗ ಅತ್ತವನು ‘ನಾನು’ ಅಲ್ಲವೆಂದಾಯಿತು! ಮಗನ ಕಾಯಿಲೆಗೆ ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ಈ ಮಾತನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ.

ಮುಂಡಕವೂ ಅಳುವನ್ನು ಅಲ್ಲಗಳೆಯುವುದಿಲ್ಲ. ಅದೇ ಮರದಲ್ಲಿ ಮುಳುಗಿ, ಏನೂ ಕೈಲಾಗದೆ ಶೋಕಿಸುವವನನ್ನು ಮರುಮಂತ್ರದಲ್ಲೇ ತೋರಿಸುತ್ತದೆ. ಅವನ ದುಃಖ ಕಳೆಯುವುದು ಹಣ್ಣು ಬಿಟ್ಟುದರಿಂದ ಎಂದಾಗಲಿ, ಮರ ಬಿಟ್ಟು ಹಾರಿದುದರಿಂದ ಎಂದಾಗಲಿ ಅಲ್ಲಿ ಹೇಳಿಲ್ಲ. ಪಕ್ಕದಲ್ಲಿದ್ದವನನ್ನು ಅವನು ಕಂಡನಂತೆ.